ಹದಿನಾರು ತಿರುವು, ಎಂಟು ನೇರ

ಕೇಳುಗ ಬಂಧುಗಳಿಗೆ ನಮಸ್ಕಾರ.

ಮೂವತ್ತು ವರ್ಷಕ್ಕೂ ಮೀರಿ ರೈಲ್ವೆಯಲ್ಲಿ ಹಳಿ ಕಾಯುವ ಕೆಲಸ ಮಾಡಿದವನು ನಾನು. ಅದರಲ್ಲಿ ಬಹುಪಾಲು ಕಳೆದದ್ದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ. ಸುಮಾರು 55 ಕಿಲೋಮೀಟರ್ ದಾರಿ, 57 ಸುರಂಗ, ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ಇಳಿಜಾರು. ಆ ದಾರಿಯ ಬಗ್ಗೆ ಮಾತಾಡು ಎಂದರೆ ರಾತ್ರಿಯೆಲ್ಲ ಮಾತಾಡಿಯೇನು. ಆದರೆ ಇವತ್ತು ಹೇಳಹೊರಟಿರುವುದು ಬೇರೆ ಒಂದು ಮಾರ್ಗದ ಕತೆ. ಅದರ ಒಟ್ಟು ಉದ್ದ ಮೂರು ಮೀಟರ್. ಕಳೆದ ಡಿಸೆಂಬರಿನಲ್ಲಿ ಮೊಮ್ಮಗನ ಜೊತೆ ನೆಲದ ಮೇಲೆ ಕೂತು, ಕ್ರಿಸ್ಮಸ್ ಮರದ ಸುತ್ತ ಹಾಕಿದ, ಪ್ಲಾಸ್ಟಿಕ್ ಇಟ್ಟಿಗೆ ಕೂಡಿಸಿ ಕಟ್ಟುವ ಲೆಗೋ ಆಟಿಕೆ ರೈಲಿನ ಮಾರ್ಗ ಅದು.

ನನ್ನ ಮಗಳ ಮನೆ ಇರುವುದು ಅಮೆರಿಕದ ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಎಂಬ ಊರಿನಲ್ಲಿ. ಹೆಸರು ಕೇಳಿದ ಕೂಡಲೇ ಗೊತ್ತಾಗುತ್ತದೆ, ಯೇಸು ಹುಟ್ಟಿದ ಊರಿನ ಹೆಸರು. ಮೊರೇವಿಯನ್ ಪಂಥದ ಕ್ರೈಸ್ತರು ಅಲ್ಲಿ ನೆಲೆ ನಿಂತು, 1741ರ ಕ್ರಿಸ್ಮಸ್ ಹಿಂದಿನ ರಾತ್ರಿ ಆ ಹೆಸರಿಟ್ಟರು. ಅವರು ಜರ್ಮನ್ ನಾಡಿನಿಂದ ತಂದ ಪದ್ಧತಿಯೊಂದು ಅಲ್ಲಿ ಇನ್ನೂ ಉಳಿದಿದೆ. ಅದಕ್ಕೆ ‘ಪುಟ್ಸ್’ ಅನ್ನುತ್ತಾರೆ. ಅಲಂಕರಿಸುವುದು ಎಂಬ ಅರ್ಥದ ಜರ್ಮನ್ ಮಾತಿನಿಂದ ಬಂದದ್ದು. ಪಾಚಿ, ಮರದ ಬೊಡ್ಡೆ, ಕಲ್ಲು ಜೋಡಿಸಿ ಸಣ್ಣದೊಂದು ಬೆಟ್ಟದ ಊರು ಮಾಡಿ, ಅದರಲ್ಲಿ ಕುರುಬರು, ಕುರಿಗಳು, ದನದ ಕೊಟ್ಟಿಗೆ, ಕೂಸು. ನಮ್ಮ ಮಂಗಳೂರು ಕಡೆ ಕ್ರೈಸ್ತರ ಮನೆಗಳಲ್ಲಿ ಗೋದಲಿ ಕಟ್ಟುತ್ತಾರಲ್ಲ, ಅದರ ದೂರದ ಸಂಬಂಧಿ ಅನ್ನಬಹುದು. ಊರಿನ ಮೊರೇವಿಯನ್ ಚರ್ಚಿನವರು ಮಾಡುವ ಪುಟ್ಸ್ ನೋಡಲು ಮಗಳು ಕರೆದುಕೊಂಡು ಹೋದಳು. ಕತ್ತಲೆ ಕೋಣೆ, ಕತೆ ಹೇಳುವ ದನಿ, ಕತೆ ಎಲ್ಲಿಗೆ ಬಂತೋ ಆ ಮೂಲೆಗಷ್ಟೇ ದೀಪ. ಮೊಮ್ಮಗ ಉಸಿರು ಬಿಗಿಹಿಡಿದು ನೋಡಿದ. ನಾನೂ ಹಾಗೇ ನೋಡಿದೆ.

ಮರದ ಬುಡದಲ್ಲಿ ಹೀಗೆ ಪುಟ್ಟ ಊರು ಕಟ್ಟುವ ಅಭ್ಯಾಸ ಇದ್ದ ಕಡೆ ರೈಲು ಬಂದು ಸೇರಿದ್ದು ಸಹಜವೇ. ಊರು ಇದ್ದ ಮೇಲೆ ಊರಿಗೊಂದು ದಾರಿ ಬೇಡವೇ? ಅಲ್ಲಿಂದ ದಕ್ಷಿಣಕ್ಕಿರುವ ಬಾಲ್ಟಿಮೋರಿನಲ್ಲಿ ಅಗ್ನಿಶಾಮಕ ಠಾಣೆಗಳಲ್ಲೂ ಕ್ರಿಸ್ಮಸ್ ಹೊತ್ತಿಗೆ ರೈಲಿನ ತೋಟ ಹಾಕುತ್ತಾರೆ, ‘ಟ್ರೇನ್ ಗಾರ್ಡನ್’ ಅಂತಲೇ ಅದರ ಹೆಸರು. ಜರ್ಮನಿಯ ಮಾರ್ಕ್ಲಿನ್ ಕಂಪನಿಯ ತಗಡಿನ ರೈಲುಗಳು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಇದ್ದವು. ಅಮೆರಿಕದಲ್ಲಿ ಜೋಶುವಾ ಲಯನೆಲ್ ಕೋವೆನ್ ಎಂಬವನು 1901ರಲ್ಲಿ ವಿದ್ಯುತ್ತಿನಿಂದ ಓಡುವ ಬಂಡಿಯೊಂದನ್ನು ನ್ಯೂಯಾರ್ಕಿನ ಅಂಗಡಿಯ ಕಿಟಕಿಯಲ್ಲಿ ಇಡಿಸಿದ. ಗಿರಾಕಿಗಳ ಕಣ್ಣು ಸೆಳೆಯಲಿ ಎಂದು ಇಟ್ಟದ್ದು. ಜನ ಆ ಬಂಡಿಯನ್ನೇ ಕೇಳತೊಡಗಿದರಂತೆ.

ಬೆತ್ಲೆಹೆಮ್ ಊರಿನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನದಿಯ ಆಚೆ ದಡದಲ್ಲಿ ಐದು ದೊಡ್ಡ ಊದುಕುಲುಮೆಗಳು ತುಕ್ಕು ಹಿಡಿದು ಸಾಲಾಗಿ ನಿಂತಿವೆ. ಬೆತ್ಲೆಹೆಮ್ ಸ್ಟೀಲ್ ಕಾರ್ಖಾನೆಯವು. 1995ರಲ್ಲಿ ಅಲ್ಲಿ ಉಕ್ಕು ತಯಾರಿಸುವುದು ನಿಂತಿತು. ಆ ಕಾರ್ಖಾನೆ 1860ರ ದಶಕದಲ್ಲಿ ಮೊದಲು ಮಾಡಿದ ಸರಕು ಏನು ಗೊತ್ತೇ? ರೈಲು ಕಂಬಿ. ಅಳಿಯ ಅದನ್ನು ಹೇಳಿದಾಗ ಚಳಿಯಲ್ಲೇ ನಿಂತು ಆ ಕುಲುಮೆಗಳನ್ನು ಬಹಳ ಹೊತ್ತು ನೋಡಿದೆ. ಜೀವನವಿಡೀ ಕಂಬಿಯ ಅನ್ನ ಉಂಡವನಿಗೆ ಅದು ಬರೀ ಹಳೆ ಕಬ್ಬಿಣವಾಗಿ ಕಾಣಲಿಲ್ಲ.

ಇನ್ನು ನಮ್ಮ ಮಾರ್ಗದ ವಿಷಯ. ಮಗಳ ಮನೆಯಲ್ಲಿ ಅಕ್ಟೋಬರಿನಲ್ಲಿ ದಸರಾ ಬೊಂಬೆ ಕೂರಿಸುತ್ತಾರೆ, ಡಿಸೆಂಬರಿನಲ್ಲಿ ಮರ ನಿಲ್ಲಿಸುತ್ತಾರೆ. ಅಟ್ಟದಿಂದ ಡಬ್ಬ ಇಳಿಸುವುದು, ಹಳೆ ಪೇಪರ್ ಬಿಚ್ಚುವುದು, ಯಾವುದು ಮುರಿದಿದೆ ನೋಡುವುದು, ಎರಡಕ್ಕೂ ಸಡಗರ ಒಂದೇ. ಮೊಮ್ಮಗನಿಗೆ ಎಂಟು ವರ್ಷ. ಅವನ ಅಪ್ಪ ಲೆಗೋ ರೈಲಿನ ಪೆಟ್ಟಿಗೆ ತಂದುಕೊಟ್ಟಿದ್ದರು. ಇಂಜಿನ್ನು, ಎರಡು ಬೋಗಿಗಳನ್ನು ಅವನೇ ಇಟ್ಟಿಗೆ ಇಟ್ಟಿಗೆ ಕೂಡಿಸಿ ಕಟ್ಟಿಬಿಟ್ಟಿದ್ದ. ಹಳಿ ಮಾತ್ರ ತಾತ ಬಂದ ಮೇಲೆ ಅಂತ ಕಾದಿಟ್ಟಿದ್ದ.

ಮೊದಲ ದಿನ ನಾನು ಒಂದು ತುಂಡು ಹಳಿ ಕೈಗೆತ್ತಿಕೊಂಡು ಅಳತೆಪಟ್ಟಿ ತರಿಸಿದೆ. ಎರಡು ಕಂಬಿಗಳ ನಡುವೆ ಮೂವತ್ತೇಳೂವರೆ ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅಂದರೆ ಹೆಚ್ಚುಕಡಿಮೆ ನಲವತ್ತೈದರಲ್ಲಿ ಒಂದು ಪಾಲು. ನೇರ ತುಂಡಿನ ಉದ್ದ 128 ಮಿಲಿಮೀಟರ್. ತಿರುವಿನ ತುಂಡು ಒಂದೊಂದೂ ಇಪ್ಪತ್ತೆರಡೂವರೆ ಡಿಗ್ರಿ ತಿರುಗುತ್ತದೆ, ನಾಲ್ಕು ಸೇರಿದರೆ ಒಂದು ಮೂಲೆ, ಹದಿನಾರು ಸೇರಿದರೆ ಪೂರ್ತಿ ಸುತ್ತು. ಆ ಸುತ್ತಿನ ತ್ರಿಜ್ಯ 32 ಸೆಂಟಿಮೀಟರ್. ಅದನ್ನು ನಮ್ಮ ಬ್ರಾಡ್‌ಗೇಜಿನ ಅಳತೆಗೆ ಹಿಗ್ಗಿಸಿ ಲೆಕ್ಕ ಹಾಕಿದೆ. ಹದಿನಾಲ್ಕು ಮೀಟರ್ ಚಿಲ್ಲರೆ ಬಂತು. ನಮ್ಮಲ್ಲಿ ಬ್ರಾಡ್‌ಗೇಜಿಗೆ 175 ಮೀಟರಿಗಿಂತ ಕಡಿಮೆ ತ್ರಿಜ್ಯದ ತಿರುವು ಕೊಡುವುದಿಲ್ಲ. ಘಾಟಿಯ ಅತಿ ಕೆಟ್ಟ ತಿರುವೂ ಈ ಆಟಿಕೆಯ ಮುಂದೆ ಹೆದ್ದಾರಿ ಇದ್ದ ಹಾಗೆ!

ಹಾಗಾದರೆ ಇದು ಹಳಿ ಬಿಡದೆ ಹೇಗೆ ಓಡುತ್ತದೆ? ಬೋಗಿಯನ್ನು ಮಗುಚಿ ಹಾಕಿ ಇಬ್ಬರೂ ನೋಡಿದೆವು. ಚಕ್ರದ ಅಂಚು, ನಾವು ಫ್ಲೇಂಜ್ ಅನ್ನುವುದು, ಚಕ್ರದ ಗಾತ್ರಕ್ಕೆ ಬಹಳ ದೊಡ್ಡದು. ಕಂಬಿಯನ್ನು ಗಟ್ಟಿಯಾಗಿ ಒಳಗಿನಿಂದ ಹಿಡಿದುಕೊಳ್ಳುತ್ತದೆ. ಚಕ್ರಗಳ ಜೋಡಿ ಒಂದು ಮೊಳೆಯ ಮೇಲೆ ಸರಾಗ ತಿರುಗುತ್ತದೆ. ಬೋಗಿಗಳು ಒಂದಕ್ಕೊಂದು ಅಯಸ್ಕಾಂತದಿಂದ ಅಂಟಿಕೊಂಡಿವೆ, ಹಾಗಾಗಿ ತಿರುವಿನಲ್ಲಿ ಎಳೆತ ಎತ್ತಲೂ ಬಾಗುತ್ತದೆ. ಮೋಟಾರಿನ ಚಕ್ರಕ್ಕೆ ರಬ್ಬರ್ ಬಳೆ ತೊಡಿಸಿದ್ದಾರೆ. ಆರು ಸಣ್ಣ ಬ್ಯಾಟರಿಗಳ ಪೆಟ್ಟಿಗೆಯನ್ನು ಆದಷ್ಟು ಮೋಟಾರಿನ ಮೇಲೇ ಕೂರಿಸಬೇಕು, ಆಗ ಭಾರ ಬಿದ್ದು ಚಕ್ರ ಜಾರುವುದಿಲ್ಲ. ಹುಡುಗನಿಗೆ ಇದನ್ನು ಹೇಳಿಕೊಡಬೇಕಾಗಲಿಲ್ಲ. ಪೆಟ್ಟಿಗೆಯನ್ನು ಹಿಂದಕ್ಕೆ ಮುಂದಕ್ಕೆ ಇಟ್ಟು ಅವನೇ ಕಂಡುಕೊಂಡ.

ಬರೀ ಹದಿನಾರು ತಿರುವು ಸೇರಿಸಿದರೆ ಒಳಗೆ ಉಳಿಯುವ ಜಾಗ 57 ಸೆಂಟಿಮೀಟರ್. ಪ್ಲಾಸ್ಟಿಕ್ ಮರಕ್ಕೆ ಸಾಕು. ಆದರೆ ನಮ್ಮದು ನಿಜವಾದ ಮರ, ಬುಡದಲ್ಲಿ ನೀರಿನ ತೊಟ್ಟಿಯಿರುವ ದೊಡ್ಡ ಸ್ಟ್ಯಾಂಡು. ದಿನಾ ನೀರು ಹಾಕಬೇಕು, ಕೈ ಆಡಿಸಲು ಜಾಗ ಬೇಕು. ಪ್ರತಿ ಬದಿಗೂ ಎರಡು ನೇರ ತುಂಡು ಸೇರಿಸಿದೆವು. ಹದಿನಾರು ತಿರುವು, ಎಂಟು ನೇರ, ಒಟ್ಟು ಇಪ್ಪತ್ತನಾಲ್ಕು. ಒಳಗಿನ ಜಾಗ 83 ಸೆಂಟಿಮೀಟರ್ ಆಯಿತು.

ಗಾಡಿ ಬಿಟ್ಟೆವು. ಎರಡು ಸುತ್ತು ಬಂತು, ಮೂರನೆಯದರಲ್ಲಿ ಹಿಂದಿನ ಬೋಗಿ ಮಗುಚಿಕೊಂಡಿತು. ಮತ್ತೆ ಬಿಟ್ಟರೆ ಮತ್ತೆ ಅಲ್ಲೇ. ಹುಡುಗನ ಮುಖ ಸಣ್ಣಗಾಯಿತು. ನಾನು ಕೆನ್ನೆಯನ್ನು ನೆಲಕ್ಕೆ ಹಚ್ಚಿ ಕಂಬಿಯ ಮಟ್ಟ ನೋಡಿದೆ. ತಪ್ಪು ನನ್ನದೇ. ಮರದ ಬುಡಕ್ಕೆ ಸುತ್ತುವ ಕೆಂಪು ಬಟ್ಟೆಯ ಮೇಲೇ ಹಳಿ ಹಾಸಿಬಿಟ್ಟಿದ್ದೆ, ಅದರ ಕೆಳಗೆ ಮೆತ್ತನೆಯ ಕಾರ್ಪೆಟ್ಟು. ಬಟ್ಟೆ ಮಡಚಿದ ಕಡೆ ಹಳಿ ಎದ್ದಿದೆ, ಇಲ್ಲದ ಕಡೆ ಇಳಿದಿದೆ. ನೆಲ ಗಟ್ಟಿಯಿಲ್ಲದೆ ಜಲ್ಲಿ ಸುರಿದರೆ ಏನಾಗುತ್ತದೆ ಎಂದು ಎಷ್ಟು ಮಳೆಗಾಲ ನೋಡಿದವನು ನಾನು! ಘಾಟಿಯ ನಡುವಿನ ಎಡಕುಮೇರಿ ಸ್ಟೇಷನ್ನಿನ ಹತ್ತಿರ ರಾತ್ರಿಯಿಡೀ ಲಾಟೀನು ಹಿಡಿದು ಗ್ಯಾಂಗಿನವರ ಜೊತೆ ನಡೆದದ್ದು ಇದೇ ಕಾರಣಕ್ಕೆ.

ಎಲ್ಲ ಕಿತ್ತೆವು. ಅಳಿಯ ಅಂಗಡಿಯಿಂದ ತೆಳು ಪ್ಲೈವುಡ್ ಹಲಗೆ ಕೊಯ್ಯಿಸಿ ತಂದ. ಹಲಗೆ ಕೆಳಗೆ, ಹಳಿ ಮೇಲೆ, ಬಟ್ಟೆ ಹಳಿಯ ಒಳಬದಿಗೆ ಮಾತ್ರ. ಮಾಡುವವರಿಗೆ ನಾನು ಖಂಡಿತವಾಗಿ ಹೇಳುವ ಮಾತು ಇದೊಂದು: ಅಲಂಕಾರ ಆಮೇಲೆ, ಮೊದಲು ನೆಲ.

ಅಲಂಕಾರದಿಂದಲೇ ಇನ್ನೊಂದು ತೊಂದರೆ ಬಂತು. ಉದ್ದದ ಬಂಡಿ ಇಷ್ಟು ಕಠಿಣ ತಿರುವಿನಲ್ಲಿ ತಿರುಗುವಾಗ ಅದರ ತುದಿ ಹೊರಕ್ಕೆ ಚಾಚುತ್ತದೆ, ನಡು ಒಳಕ್ಕೆ ಬಾಗುತ್ತದೆ. ಕೆಳಗಿನ ರೆಂಬೆಗೆ ಕಟ್ಟಿದ ಗಾಜಿನ ಗಂಟೆಗೆ ಇಂಜಿನ್ನಿನ ಹೊಗೆಕೊಳವೆ ಬಡಿಯಿತು. ದೊಡ್ಡ ರೈಲ್ವೆಯಲ್ಲಿ ಸುರಂಗ, ಸೇತುವೆ, ಪ್ಲಾಟ್‌ಫಾರಂ ಎಲ್ಲಕ್ಕೂ ಗಾಡಿಯಿಂದ ಎಷ್ಟು ದೂರ ಇರಬೇಕೆಂಬ ಅಳತೆ ಇದೆ. ನಾವೂ ಒಂದು ರಟ್ಟಿನ ಚೌಕಟ್ಟು ಕತ್ತರಿಸಿ, ಬೋಗಿಯ ಮೇಲೆ ಅಂಟಿಸಿ, ಕೈಯಿಂದ ನೂಕುತ್ತಾ ಸುತ್ತು ಹಾಕಿದೆವು. ಎಲ್ಲಿ ತಾಗಿತೋ ಅಲ್ಲಿಯ ಗಂಟೆ, ನಕ್ಷತ್ರ ಮೇಲಿನ ರೆಂಬೆಗೆ ಹೋದವು. ಮಗಳು ಅಡುಗೆಮನೆಯಿಂದ ಬಂದು ನೋಡಿದಾಗ ನಾವಿಬ್ಬರೂ ಹೊಟ್ಟೆಯ ಮೇಲೆ ಮಲಗಿದ್ದೆವು.

ಈ ಇಟ್ಟಿಗೆಗಳ ಹುಟ್ಟಿನ ಬಗ್ಗೆಯೂ ಎರಡು ಮಾತು. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ 1932ರಲ್ಲಿ ಮರದ ಆಟಿಕೆ ಮಾಡಲು ಶುರುಮಾಡಿದರು. ಚೆನ್ನಾಗಿ ಆಡು ಎಂಬ ಅರ್ಥದ ಡೇನಿಷ್ ಮಾತುಗಳನ್ನು ಕೂಡಿಸಿ ಲೆಗೋ ಎಂದು ಹೆಸರಿಟ್ಟರು. ಈಗಿನ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ. ಅಂದಿನ ಇಟ್ಟಿಗೆ ಇಂದಿನದಕ್ಕೂ ಕೂಡುತ್ತದೆ. ಚನ್ನಪಟ್ಟಣದ ಕುಶಲಿಗರನ್ನು ಬಲ್ಲ ನಮಗೆ ಬಡಗಿಯ ಕೈಯಿಂದ ಆಟಿಕೆ ಹುಟ್ಟಿತೆಂದರೆ ಆಶ್ಚರ್ಯವೇನಿಲ್ಲ. ರೈಲು ಬಂದದ್ದು 1966ರಲ್ಲಿ, ನೀಲಿ ಕಂಬಿಯ ಮೇಲೆ. 1991ರಲ್ಲಿ ಲೋಹ ಹೊದಿಸಿದ ಕಂಬಿಯಲ್ಲೇ ವಿದ್ಯುತ್ ಹರಿಸಿದರು. ಈಗ ಕಂಬಿ ಬರೀ ಪ್ಲಾಸ್ಟಿಕ್, ಶಕ್ತಿಯೆಲ್ಲ ಗಾಡಿಯೊಳಗಿನ ಬ್ಯಾಟರಿಯದು. ನನಗೆ ಇದೇ ಹೆಚ್ಚು ಇಷ್ಟ. ಮರದ ತೊಟ್ಟಿಯ ನೀರು ಚೆಲ್ಲಿದರೂ ಭಯವಿಲ್ಲ.

ಕ್ರಿಸ್ಮಸ್ ಹಿಂದಿನ ಸಂಜೆ ಮನೆಯ ದೀಪ ಆರಿಸಿ, ಮರದ ದೀಪ ಮಾತ್ರ ಉಳಿಸಿ ಗಾಡಿ ಬಿಟ್ಟೆವು. ನಿಧಾನಕ್ಕೆ. ಮಕ್ಕಳು ವೇಗ ಕೇಳುತ್ತಾರೆ, ಆದರೆ ಇವನು ಕೇಳಲಿಲ್ಲ. ಘಾಟಿಯಲ್ಲಿ ಗಾಡಿ ಹೇಗೆ ಇಳಿಯುತ್ತದೆ ಎಂದು ನಾನು ಹೇಳಿದ್ದನ್ನು ಕೇಳಿ, ಹಾಗೇ ಇಳಿಸುತ್ತೇನೆ ಅಂದ. ಇಟ್ಟಿಗೆಯಲ್ಲಿ ಒಂದು ಸ್ಟೇಷನ್ ಕಟ್ಟಿ, ಅಮ್ಮನಿಂದ ಕಲಿತ ಕನ್ನಡ ಅಕ್ಷರದಲ್ಲಿ ‘ಎಡಕುಮೇರಿ’ ಅಂತ ಬರೆದು ಅಂಟಿಸಿದ್ದ. ‘ಡ’ ಸ್ವಲ್ಪ ವಾಲಿತ್ತು. ಸುತ್ತ ದೇವದಾರಿನ ಕಂಪು. ಪ್ರತಿ ಜಾಯಿಂಟಿನಲ್ಲೂ ಸಣ್ಣಗೆ ಟಕ್, ಟಕ್. ಕಣ್ಣು ಮುಚ್ಚು ಅಂದೆ. ನನ್ನ ಸೇವೆಯ ಮೊದಲ ವರ್ಷ ಹಳಿಯುದ್ದಕ್ಕೂ ನಡೆದು ತಪಾಸಣೆ ಮಾಡುವ ವಯಸ್ಸಾದ ಕೀಮನ್ ಒಬ್ಬರು ನನಗೆ ಕಲಿಸಿದ್ದು ಅದು. ಹಳಿಯ ಕಾಯಿಲೆ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ ಎನ್ನುತ್ತಿದ್ದರು. ಹುಡುಗ ಕಣ್ಣು ಮುಚ್ಚಿ ಬೆರಳು ಮಡಚುತ್ತಾ ಎಣಿಸಿದ. ಇಪ್ಪತ್ತನಾಲ್ಕು ಬಂತು.

ಈ ವರ್ಷ ನಾನು ಹೋಗಲಾಗಲಿಲ್ಲ, ಹುಬ್ಬಳ್ಳಿಯ ಮನೆಯಲ್ಲೇ ಇದ್ದೇನೆ. ಮೊನ್ನೆ ಭಾನುವಾರ ಬೆಳಿಗ್ಗೆ ಫೋನ್ ಬಂತು, ಅವರಿಗೆ ಶನಿವಾರದ ರಾತ್ರಿ. ಹಲಗೆ, ಹಳಿ, ಸ್ಟೇಷನ್ ಎಲ್ಲ ತಾನೊಬ್ಬನೇ ಹಾಕಿದ್ದಾನಂತೆ. ನೋಡು ಅಂತ ಫೋನನ್ನು ಹಳಿಯ ಪಕ್ಕ ನೆಲದ ಮೇಲೆ ಇಟ್ಟ. ಚಿತ್ರ ಬರೀ ಕತ್ತಲೆ, ಸದ್ದು ಮಾತ್ರ ಚೆನ್ನಾಗಿ ಬರುತ್ತಿತ್ತು. ಟಕ್, ಟಕ್, ಟಕ್, ಟಟಾಕ್.

ಇಂಜಿನ್ ಎಡಕುಮೇರಿ ದಾಟಿದ ಕೂಡಲೇ ಹೇಳು ಅಂದೆ. ಈಗ, ಅಂದ. ಎಣಿಸಿದೆ. ಸ್ಟೇಷನ್ನಿನಿಂದ ಏಳನೇ ಜಾಯಿಂಟ್ ನೋಡು ಮಗಾ, ಅಲ್ಲೇನೋ ಇದೆ.

ಗಾಡಿ ನಿಲ್ಲಿಸಿದ ಸದ್ದು, ತೆವಳಿಕೊಂಡು ಹೋದ ಸದ್ದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. “ಮರದ್ದು ಒಂದು ಸೂಜಿಯೆಲೆ ಸಿಕ್ಕೊಂಡಿತ್ತು ತಾತಾ, ತೆಗೆದೆ.” ಕಾಯುತ್ತಿದ್ದ, ಬಿಡಲಿಲ್ಲ.

ಗಾಡಿ ಹೊರಡಲು ಒಪ್ಪಿಗೆ, ನಮ್ಮ ಮಾತಿನಲ್ಲಿ ಲೈನ್ ಕ್ಲಿಯರ್, ಕೊಟ್ಟೆ. ಗಾಡಿ ಹೊರಟಿತು. ಇಲ್ಲಿ ಕೂತು ನಾನು ಕಣ್ಣು ಮುಚ್ಚಿ ಒಂದು ಪೂರ್ತಿ ಸುತ್ತು ಎಣಿಸಿದೆ. ಇಪ್ಪತ್ತನಾಲ್ಕೂ ಒಂದೇ ಸಮ.