ಒಂದೇ ಬೀದಿ, ಎರಡು ಕಾನೂನು

ಎಲ್ಲರಿಗೂ ನಮಸ್ಕಾರ.

ಇಸ್ರೇಲ್–ಪ್ಯಾಲೆಸ್ಟೀನ್ ಅಂತ ಮಾತು ಶುರುವಾದರೆ ಸಾಕು, ಮೊದಲು ಬಂದು ಬೀಳುವುದು ಒಂದು ಇಸವಿ. ಒಬ್ಬರು 1948 ಎನ್ನುತ್ತಾರೆ. ಆಗ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಊರು ಮನೆ ಬಿಟ್ಟು ಹೋಗಬೇಕಾಯಿತು. ವಾಪಸ್ ಬರಲು ಹೊಸದಾಗಿ ಹುಟ್ಟಿದ ಇಸ್ರೇಲ್ ಬಿಡಲಿಲ್ಲ. ಇನ್ನೊಬ್ಬರು 1947 ಎನ್ನುತ್ತಾರೆ. ನಾಡನ್ನು ಎರಡು ಪಾಲು ಮಾಡಿ ಅಂತ ವಿಶ್ವಸಂಸ್ಥೆ ಹೇಳಿದಾಗ ಯಹೂದಿ ನಾಯಕರು ಒಪ್ಪಿದರು, ಅರಬ್ ನಾಯಕರು ಒಪ್ಪಲಿಲ್ಲ. ಮತ್ತೊಬ್ಬರಿಗೆ ಇಸ್ರೇಲಿ ಸೇನೆ ಪಶ್ಚಿಮ ದಂಡೆ, ಗಾಜಾ ಹಿಡಿದುಕೊಂಡ 1967, ಮಗದೊಬ್ಬರಿಗೆ ಗಾಜಾ ಆಳುತ್ತಿದ್ದ ಸಶಸ್ತ್ರ ಸಂಘಟನೆ ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿದ 2023ರ ಅಕ್ಟೋಬರ್ 7. ಯಾವ ಇಸವಿಯಿಂದ ಕಥೆ ಶುರು ಮಾಡುತ್ತೀರಿ ಎನ್ನುವುದರಲ್ಲೇ ಅರ್ಧ ತೀರ್ಪು ಬಂದುಬಿಟ್ಟಿರುತ್ತದೆ.

ಅದಕ್ಕೇ ಇವತ್ತು ನಾನು ಇಸವಿ ಬಿಟ್ಟು ಒಂದು ಊರು ಹಿಡಿಯುತ್ತೇನೆ. ಹೆಬ್ರಾನ್. ಜೆರುಸಲೇಮಿನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್. ಪಶ್ಚಿಮ ದಂಡೆಯ ದೊಡ್ಡ ಪಟ್ಟಣ, ಎರಡು ಲಕ್ಷಕ್ಕೂ ಜಾಸ್ತಿ ಪ್ಯಾಲೆಸ್ಟೀನಿಯರಿದ್ದಾರೆ. ಅಬ್ರಹಾಮನ ಸಮಾಧಿ ಇಲ್ಲಿದೆ ಅಂತ ನಂಬಿಕೆ. ಯಹೂದಿಗಳಿಗೆ ಅವನು ಮೂಲಪುರುಷ, ಮುಸ್ಲಿಮರಿಗೆ ಪ್ರವಾದಿ ಇಬ್ರಾಹಿಂ. ಇಸಾಕ, ಇಷ್ಮಾಯೇಲ ಇಬ್ಬರೂ ಸೇರಿ ಅಪ್ಪನನ್ನು ಮಣ್ಣು ಮಾಡಿದರು ಅಂತ ಬೈಬಲ್ಲಿನ ಆದಿಕಾಂಡದಲ್ಲಿದೆ. ಈಗ ಆ ಕಟ್ಟಡವನ್ನೇ ಪಾಲು ಮಾಡಿದ್ದಾರೆ. ಒಂದು ಕಡೆ ಮಸೀದಿ, ಇನ್ನೊಂದು ಕಡೆ ಯಹೂದಿಗಳ ಪ್ರಾರ್ಥನಾ ಮಂದಿರ. ವರ್ಷದಲ್ಲಿ ಹತ್ತು ದಿನ ಪೂರ್ತಿ ಕಟ್ಟಡ ಇವರಿಗೆ, ಹತ್ತು ದಿನ ಅವರಿಗೆ.

1929ರ ಆಗಸ್ಟ್‌ನಲ್ಲಿ ಈ ಊರಿನಲ್ಲಿ ಅರಬ್ ಗುಂಪುಗಳು 67 ಯಹೂದಿಗಳನ್ನು ಕೊಂದವು. ತಲೆಮಾರುಗಳಿಂದ ಅಲ್ಲೇ ಬಾಳಿದ್ದವರೂ ಅದರಲ್ಲಿದ್ದರು. ಅದೇ ದಿನ ನೂರಾರು ಯಹೂದಿಗಳು ಬದುಕಿ ಉಳಿದರು. ಅದರಲ್ಲಿ ಎಷ್ಟೋ ಜನರನ್ನು ಅಕ್ಕಪಕ್ಕದ ಅರಬ್ ಮನೆಯವರು ಒಳಗೆ ಕರೆದು ಬಚ್ಚಿಟ್ಟಿದ್ದರು. 1994ರ ಫೆಬ್ರವರಿಯಲ್ಲಿ, ರಂಜಾನ್ ತಿಂಗಳ ಬೆಳಗಿನ ನಮಾಜಿನ ಹೊತ್ತಿಗೆ, ಬರೂಖ್ ಗೋಲ್ಡ್‌ಸ್ಟೈನ್ ಎಂಬ ಯಹೂದಿ ವಲಸಿಗ, ಅಂದರೆ 1967ರ ನಂತರ ಇಸ್ರೇಲ್ ಹಿಡಿದ ನೆಲದಲ್ಲಿ ಬಂದು ನೆಲೆಸಿದವನು, ಮಸೀದಿಗೆ ನುಗ್ಗಿ 29 ಮಂದಿಯನ್ನು ಗುಂಡಿಟ್ಟು ಕೊಂದ. ವೃತ್ತಿಯಲ್ಲಿ ಅವನು ಡಾಕ್ಟರು.

ಆಮೇಲೆ ಏನಾಯಿತು ನೋಡಿ. ಊರಿನ ಮುಖ್ಯ ಬೀದಿ ಶುಹದಾದಲ್ಲಿ ನಿರ್ಬಂಧ ಬಂದದ್ದು ಪ್ಯಾಲೆಸ್ಟೀನಿಯರ ಮೇಲೆ. ಕೊಂದವನು ಒಂದು ಕಡೆಯವನು, ಅಂಗಡಿ ಬಾಗಿಲು ಮುಚ್ಚಬೇಕಾಗಿ ಬಂದವರು ಇನ್ನೊಂದು ಕಡೆಯವರು. 2000ರಲ್ಲಿ ಎರಡನೇ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯರ ದಂಗೆ, ಶುರುವಾದ ಮೇಲಂತೂ ಆ ಬೀದಿ ಅವರ ಪಾಲಿಗೆ ಬಹುತೇಕ ಇಲ್ಲವೇ ಆಯಿತು. ಕೆಲವು ಮನೆಗಳ ಮುಂಬಾಗಿಲನ್ನು ಇಸ್ರೇಲಿ ಸೇನೆ ವೆಲ್ಡಿಂಗ್ ಮಾಡಿ ಮುಚ್ಚಿತು. ಒಳಗಿದ್ದವರು ಹಿಂದಿನಿಂದಲೋ ಪಕ್ಕದ ಮನೆಯ ಮಾಳಿಗೆ ಮೇಲಿನಿಂದಲೋ ಹತ್ತಿ ಇಳಿಯಬೇಕು. ಹಳೇ ಪೇಟೆಯ ಓಣಿಗಳ ಮೇಲೆ ತಂತಿಬಲೆ ಕಟ್ಟಿದ್ದಾರೆ. ಮೇಲಿನ ಮನೆಗಳಲ್ಲಿರುವ ವಲಸಿಗರು ಎಸೆಯುವ ಕಸ, ಕಲ್ಲು ತಲೆ ಮೇಲೆ ಬೀಳದಿರಲಿ ಅಂತ.

ಸೇನೆಯನ್ನು ಕೇಳಿದರೆ ಭದ್ರತೆ ಎನ್ನುತ್ತದೆ. ಅದೂ ಸುಮ್ನೆ ಹೇಳುವ ನೆಪವಲ್ಲ. 2001ರಲ್ಲಿ ಇದೇ ಊರಿನಲ್ಲಿ ಹತ್ತು ತಿಂಗಳ ಯಹೂದಿ ಕೂಸನ್ನು ದೂರದಿಂದ ಗುರಿಯಿಟ್ಟು ಕೊಂದಿದ್ದಾರೆ. ಆದರೆ ಭದ್ರತೆ ಬೇಕಿರುವುದು ಕೆಲವು ನೂರು ವಲಸಿಗರಿಗೆ, ಅದರ ಬೆಲೆ ಕಟ್ಟುತ್ತಿರುವವರು ಸುತ್ತಲಿನ ಸಾವಿರಾರು ಜನ.

ಇದಕ್ಕಿಂತ ಆಳದ ಮಾತು ಇನ್ನೊಂದಿದೆ. ಆ ಬೀದಿಯಲ್ಲಿ ಇಬ್ಬರು ಹುಡುಗರು ಜಗಳವಾಡಿ ಕಲ್ಲು ತೂರಿದರು ಅಂತಿಟ್ಟುಕೊಳ್ಳಿ. ಯಹೂದಿ ಹುಡುಗನಿಗೆ ಇಸ್ರೇಲಿನ ನಾಗರಿಕ ಕಾನೂನು, ಸಾಮಾನ್ಯ ಕೋರ್ಟು. ಪ್ಯಾಲೆಸ್ಟೀನಿ ಹುಡುಗನಿಗೆ ಸೇನಾ ಕಾನೂನು, ಸೇನಾ ಕೋರ್ಟು. ತಪ್ಪು ಒಂದೇ, ಜಾಗವೂ ಒಂದೇ. ಆ ಸೇನೆಯನ್ನು ನಡೆಸುವ ಸರ್ಕಾರವನ್ನು ಆರಿಸಲು ಒಬ್ಬನ ಅಪ್ಪನಿಗೆ ಓಟಿದೆ, ಇನ್ನೊಬ್ಬನ ಅಪ್ಪನಿಗಿಲ್ಲ. 1967ರಿಂದ ಇದು ಹೀಗೇ ನಡೆದಿದೆ. ನನ್ನ ಮಟ್ಟಿಗೆ ನೈತಿಕ ಪ್ರಶ್ನೆ ಇದು. ಮೂರು ಸಾವಿರ ವರ್ಷದ ಹಿಂದೆ ಯಾರಿದ್ದರು ಎನ್ನುವುದಲ್ಲ.

ಹಾಗಂತ ಹಮಾಸ್ ಮಾಡಿದ್ದು ಸರಿ ಅಂತ ಯಾರೂ ತಿಳಿಯಬೇಡಿ. ಅಕ್ಟೋಬರ್ 7ರಂದು ಸುಮಾರು 1,200 ಜನ ಸತ್ತರು, ಹೆಚ್ಚಿನವರು ನಾಗರಿಕರು. 251 ಜನರನ್ನು ಹಿಡಿದುಕೊಂಡು ಹೋದರು. ಯಾವ ಆಕ್ರಮಣದ ಹೆಸರು ಹೇಳಿದರೂ ಇದು ಮಾಫಿಯಾಗುವುದಿಲ್ಲ. ಆ ದಿನದ ಹೆಸರು ಹೇಳಿ ಗಾಜಾದಲ್ಲಿ ಮಾಡಿದ್ದೂ ಮಾಫಿಯಾಗುವುದಿಲ್ಲ. ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಸತ್ತವರು 60,000 ದಾಟಿದ್ದಾರೆ, ಅದರಲ್ಲಿ ಸಾವಿರಾರು ಮಕ್ಕಳು. ಆ ಇಲಾಖೆ ಹಮಾಸ್ ಆಡಳಿತದ್ದು ಅಂತ ಆಕ್ಷೇಪ ಇದೆ, ಗೊತ್ತು. ಹಿಂದಿನ ಯುದ್ಧಗಳಲ್ಲಿ ಅದರ ಲೆಕ್ಕ ವಿಶ್ವಸಂಸ್ಥೆಯ ಲೆಕ್ಕಕ್ಕೆ ಹತ್ತಿರವೇ ಇತ್ತು.

ಇನ್ನು ಮುಂದೇನು? ಜೋರ್ಡಾನ್ ನದಿಯಿಂದ ಸಮುದ್ರದವರೆಗೆ ಸುಮಾರು 70 ಲಕ್ಷ ಯಹೂದಿಗಳು, ಹೆಚ್ಚುಕಡಿಮೆ ಅಷ್ಟೇ ಪ್ಯಾಲೆಸ್ಟೀನಿಯರು. ಯಾರೂ ಗಂಟುಮೂಟೆ ಕಟ್ಟಿ ಹೊರಡುವುದಿಲ್ಲ. ಎರಡು ದೇಶ ಎನ್ನುವುದು ಜಗತ್ತಿನ ಬಹಳಷ್ಟು ಸರ್ಕಾರಗಳ ಬಾಯಲ್ಲಿದೆ. ಆದರೆ 1993ರಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ಟೀನಿ ನಾಯಕರ ನಡುವಿನ ಓಸ್ಲೋ ಒಪ್ಪಂದಕ್ಕೆ ಸಹಿ ಬಿದ್ದಾಗ ಪಶ್ಚಿಮ ದಂಡೆಯಲ್ಲಿ ಒಂದು ಲಕ್ಷದ ಆಸುಪಾಸಿನಲ್ಲಿದ್ದ ವಲಸಿಗರು, ಪೂರ್ವ ಜೆರುಸಲೇಮ್ ಬಿಟ್ಟು, ಇವತ್ತು ಐದು ಲಕ್ಷ ಮೀರಿದ್ದಾರೆ. ಮಾತುಕತೆ ನಡೆಯುತ್ತಲೇ ಇತ್ತು, ಮನೆಗಳೂ ಏಳುತ್ತಲೇ ಇದ್ದವು. ಒಪ್ಪಂದ ಮಾಡಿಕೊಂಡ ಇಸ್ರೇಲಿನ ಪ್ರಧಾನಿ ರಾಬಿನ್‌ರನ್ನು 1995ರಲ್ಲಿ ಕೊಂದವನು ಒಬ್ಬ ಯಹೂದಿ. ಹಮಾಸ್‌ನ ಆತ್ಮಾಹುತಿ ಬಾಂಬುಗಳು ಇಸ್ರೇಲಿಗಳಿಗೆ ಶಾಂತಿಯ ಮೇಲಿದ್ದ ನಂಬಿಕೆಯನ್ನೇ ಕಿತ್ತುಕೊಂಡವು. ಎರಡೂ ಕಡೆಯ ಕಟ್ಟರ್‌ಗಳು ಒಬ್ಬರಿಗೊಬ್ಬರು ಎಷ್ಟು ಉಪಕಾರ ಮಾಡಿದ್ದಾರೆ ಅಲ್ವಾ?

ಇದೆಲ್ಲ ನಮಗೆ ದೂರದ ಮಾತು ಅಂತ ಅನ್ನಿಸಬಹುದು. ಯಹೂದಿಗಳಿಗೆ ಅಲ್ಲಿ ನೆಲೆಯಾಗಲು ನೆರವಾಗುತ್ತೇವೆ ಅಂತ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಬಾಲ್ಫೋರ್ 1917ರಲ್ಲಿ ಪತ್ರ ಬರೆದರು. ವರ್ಷ ತುಂಬುವ ಮೊದಲೇ, 1918ರ ಸೆಪ್ಟೆಂಬರ್ 23ರಂದು, ಬ್ರಿಟಿಷರಿಗೆ ಅಲ್ಲಿನ ಹೈಫಾ ಪಟ್ಟಣ ಗೆದ್ದುಕೊಟ್ಟವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರೂ ಇದ್ದರು. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳತ್ತ ಕುದುರೆ ಏರಿ ಹೋದವರು ಅವರು. 1947ರಲ್ಲಿ ಪಾಲು ಬೇಡ, ಒಂದೇ ದೇಶದೊಳಗೆ ಎರಡು ರಾಜ್ಯಗಳಿರಲಿ ಅಂತ ಇರಾನ್, ಯುಗೊಸ್ಲಾವಿಯಾ ಜೊತೆ ಸೇರಿ ಹೇಳಿದ್ದು ಭಾರತವೇ. ಆ ಸಲಹೆ ಬಿದ್ದುಹೋಯಿತು.

ಒಂದು ದೇಶವೋ, ಎರಡೋ, ಒಕ್ಕೂಟವೋ ಎನ್ನುವುದರಲ್ಲಿ ನನಗೆ ಹಟವಿಲ್ಲ. ಯಾವ ನಕ್ಷೆ ತಂದರೂ ಆ ಇಬ್ಬರು ಹುಡುಗರು ಯಾವ ಕೋರ್ಟಿಗೆ ಹೋಗುತ್ತಾರೆ ಅಂತ ಮೊದಲು ಕೇಳುತ್ತೇನೆ. ಎರಡು ದೇಶವಾದರೆ ಹೆಬ್ರಾನಿನ ವಲಸಿಗರು ಪ್ಯಾಲೆಸ್ಟೀನಿನ ಕಾನೂನು ಒಪ್ಪಿ ಇರಬೇಕು, ಇಲ್ಲವೇ ಅಲ್ಲಿಂದ ಹೊರಡಬೇಕು. 2005ರಲ್ಲಿ ಗಾಜಾದಿಂದ ಎಂಟು ಸಾವಿರ ಚಿಲ್ಲರೆ ವಲಸಿಗರನ್ನು ಇಸ್ರೇಲೇ ಎಬ್ಬಿಸಿತ್ತು. ಅದಕ್ಕೇ ಎಷ್ಟು ರಂಪವಾಯಿತು. ಒಂದೇ ದೇಶವಾದರೆ ಎಲ್ಲರಿಗೂ ಓಟು ಕೊಡಬೇಕು. ಆಗ ಯಹೂದಿಗಳ ಬಹುಮತ ಉಳಿಯುವುದು ಖಾತ್ರಿಯಿಲ್ಲ. ಇಸ್ರೇಲಿನಲ್ಲಿ ಬಹಳ ಜನಕ್ಕೆ ಇದೇ ಭಯ. ಯುರೋಪಿನಲ್ಲಿ ನಾಜಿಗಳ ಕೈಯಲ್ಲಿ 60 ಲಕ್ಷ ಜನರನ್ನು ಕಳೆದುಕೊಂಡವರ ಭಯವನ್ನು ನಾವು ಇಲ್ಲಿ ಕೂತು ಹಗುರಾಗಿ ನೋಡಲಾಗದು.

ಸಮಯ ಆಯಿತು ಅಂತ ಸಂಘಟಕರು ಸನ್ನೆ ಮಾಡುತ್ತಿದ್ದಾರೆ. ಈ ಭಯದ ಬಗ್ಗೆಯೇ ಯಾರಾದರೂ ಕೇಳುವುದಿದ್ದರೆ ಅಲ್ಲಿಂದಲೇ ಶುರು ಮಾಡೋಣ.