ಗ್ಲೆನ್ ಮಿಲ್ಲರ್ ಕೈಯಲ್ಲಿದ್ದ ಕತ್ತರಿ

ಎಲ್ಲರಿಗೂ ನಮಸ್ಕಾರ. ಸ್ವಿಂಗ್ ಅಂದ್ರೆ ಕುಣಿಸುವ ಜಾಜ್, ಬಿಗ್ ಬ್ಯಾಂಡ್ ಅಂದ್ರೆ ಅದನ್ನು ನುಡಿಸುವ ದೊಡ್ಡ ವಾದ್ಯತಂಡ; ಇಲ್ಲಿ ಕೂತವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಅಮೆರಿಕದ ಬಿಗ್ ಬ್ಯಾಂಡ್ ನಾಯಕ ಗ್ಲೆನ್ ಮಿಲ್ಲರ್ ಹೆಸರೆತ್ತಿದರೆ ಜಾಜ್ ಬಲ್ಲವರಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ. ‘ಅದು ಜಾಜೇ ಅಲ್ಲ, ಆ ಕ್ಷಣಕ್ಕೆ ಹುಟ್ಟಿದ್ದಲ್ಲ, ಎಲ್ಲ ಬರೆದಿಟ್ಟುಕೊಂಡು ಕುಣಿಯುವವರಿಗೆ ಬಾರಿಸಿದ್ದು’ ಅನ್ನುತ್ತಾರೆ. ಜಾಜ್ ದಿಗ್ಗಜರಾದ ಕೌಂಟ್ ಬೇಸಿ, ಡ್ಯೂಕ್ ಎಲಿಂಗ್ಟನ್ ನನಗೂ ಪ್ರಾಣ. ಆದರೂ ಈ ಮಾತು ಒಪ್ಪಲಾರೆ.

ಮಿಲ್ಲರ್ ತಂಡದ ‘ಇನ್ ದ ಮೂಡ್’ ಎಲ್ಲರೂ ಕೇಳಿದ್ದೀರಿ, ಅಲ್ವಾ? ಅದರಲ್ಲಿ ಮತ್ತೆ ಮತ್ತೆ ಬರುವ ಮೂಲ ತುಣುಕು ಮಿಲ್ಲರ್ ಕಟ್ಟಿದ್ದಲ್ಲ. 1930ರಲ್ಲೇ ವಿಂಗಿ ಮನೋನ್ ಎಂಬ ಟ್ರಂಪೆಟ್ ವಾದಕರು ಅದನ್ನು ರೆಕಾರ್ಡ್ ಮಾಡಿದ್ದರು. ಮರುವರ್ಷ ಫ್ಲೆಚರ್ ಹೆಂಡರ್ಸನ್ ತಂಡದ ರೆಕಾರ್ಡಿನಲ್ಲೂ ಬಂತು. ಆಮೇಲೆ ಸ್ಯಾಕ್ಸೊಫೋನ್ ವಾದಕ ಜೋ ಗಾರ್ಲೆಂಡ್ ಅದನ್ನಿಟ್ಟುಕೊಂಡು ಉದ್ದದ ರಚನೆಯೊಂದನ್ನು ಮಾಡಿದರು. ಅದು ಇನ್ನೊಬ್ಬ ಬ್ಯಾಂಡ್ ನಾಯಕ ಆರ್ಟಿ ಶಾ ಕೈಗೆ ಹೋಯಿತು. ಶಾ ತಂಡ ರೇಡಿಯೊದಲ್ಲಿ ನುಡಿಸಿದ್ದು ಆರು ನಿಮಿಷಕ್ಕೂ ಜಾಸ್ತಿ! ಆಗಿನ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಗ್ರಾಮಫೋನ್ ಪ್ಲೇಟಿನ ಒಂದು ಬದಿಗೆ ಹಿಡಿಸುತ್ತಿದ್ದದ್ದು ಹೆಚ್ಚುಕಡಿಮೆ ಅದರ ಅರ್ಧ. ಶಾ ಅದನ್ನು ಪ್ಲೇಟು ಮಾಡಲೇ ಇಲ್ಲ.

ಮಿಲ್ಲರ್ ಕತ್ತರಿ ಹಿಡಿದರು. ಉಳಿದದ್ದೇನು? ಆ ತುಣುಕು. ಟೆಕ್ಸ್ ಬೆನೆಕಿ, ಆಲ್ ಕ್ಲಿಂಕ್ ಇಬ್ಬರ ತಗ್ಗು ದನಿಯ ಟೆನರ್ ಸ್ಯಾಕ್ಸೊಫೋನ್ ಸವಾಲು–ಜವಾಬು. ಕ್ಲೈಡ್ ಹರ್ಲಿಯ ಟ್ರಂಪೆಟ್. ಆಮೇಲೆ ಆ ಕೊನೆ. ತುಣುಕು ಮೆಲ್ಲಗಾಗುತ್ತದೆ. ತಿರುಗಿ ಬರುತ್ತದೆ, ಇನ್ನೂ ಮೆಲ್ಲಗೆ. ಇನ್ನೇನು ಮುಗಿಯಿತು ಅಂತ ಕುಣಿಯುವ ಕಾಲು ನಿಲ್ಲಬೇಕು, ಅಷ್ಟರಲ್ಲಿ ಇಡೀ ತಂಡ ಒಟ್ಟಿಗೇ ಸಿಡಿಯುತ್ತದೆ. ಇದು ರೆಕಾರ್ಡ್ ಆದದ್ದು 1939ರ ಆಗಸ್ಟ್ 1ರಂದು. ಇವತ್ತಿಗೂ ಆ ಜಾಗ ಬಂದಾಗ ಕೇಳುವವರ ಮುಖ ನೋಡಿ.

ಮನೋಧರ್ಮ, ಅಂದರೆ ಸ್ವಂತ ಕಲ್ಪನೆ, ಇರುವುದು ಸೋಲೋ ನುಡಿಸುವವರಿಗೆ ಮಾತ್ರ ಅಂತ ಯಾರು ಹೇಳಿದ್ದು? ಏನು ಬಿಡಬೇಕು ಅಂತ ತೀರ್ಮಾನಿಸುವವರಿಗೂ ಅದು ಬೇಕು.

ಈಗ ಮಿಲ್ಲರ್ ತಂಡದ ನಾದ. ಸ್ಯಾಕ್ಸೊಫೋನ್ ನಮಗೇನೂ ಹೊಸತಲ್ಲ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತ ಕದ್ರಿ ಗೋಪಾಲನಾಥರು ನಮ್ಮ ಸಂಗೀತ ಕಛೇರಿಗೇ ತಂದುಕೊಟ್ಟರು. ಮಿಲ್ಲರ್ ತಂಡದಲ್ಲಿ ಸ್ಯಾಕ್ಸೊಫೋನುಗಳ ಮೇಲೆ ಒಂದು ಕ್ಲಾರಿನೆಟ್ ಕೂರುತ್ತದೆ. ರಾಗ ಅದರದ್ದು. ಅದೇ ರಾಗವನ್ನು ಒಂದು ಸ್ಥಾಯಿ ಕೆಳಗೆ ಟೆನರ್ ನುಡಿಸುತ್ತದೆ. ಉಳಿದ ಮೂರು ಸ್ಯಾಕ್ಸ್‌ಗಳು ನಡುವಿನ ಜಾಗ ತುಂಬುತ್ತವೆ. ಅಷ್ಟೇ ಲೆಕ್ಕ. ಆದರೆ ಕ್ಲಾರಿನೆಟ್ಟಿನ ವಿಲ್ಬರ್ ಶ್ವಾರ್ಟ್ಸ್ ಉಸಿರು ಬಿಗಿ ಹಿಡಿದು ನುಡಿಸುವಾಗ ಐದೂ ವಾದ್ಯ ಒಂದೇ ಗಂಟಲಾಗುತ್ತವೆ. ಇದೇ ನಾದದ ‘ಮೂನ್‌ಲೈಟ್ ಸೆರೆನೇಡ್’ ರಾಗ ಹುಟ್ಟಿದ್ದು ಮಿಲ್ಲರ್ ಸಂಗೀತದ ಗುರು ಜೋಸೆಫ್ ಶಿಲಿಂಗರ್ ಬಳಿ ಪಾಠ ಕಲಿಯುವಾಗ ಮಾಡಿದ ಅಭ್ಯಾಸವಾಗಿ! ಹೋಂವರ್ಕ್ ಹೀಗಿದ್ದರೆ ಯಾವ ಮೇಷ್ಟ್ರು ಬೇಡ ಅಂತಾರೆ?

ಇದೆಲ್ಲ ಸುಲಭಕ್ಕೆ ಬಂದದ್ದೂ ಅಲ್ಲ. ಮಿಲ್ಲರ್ ಅವರ ಮೊದಲ ತಂಡ 1938ರ ಆರಂಭದಲ್ಲೇ ಮುಚ್ಚಿತು. ಅದೇ ವರ್ಷ ಮತ್ತೆ ಕಟ್ಟಿದರು. ಮರುವರ್ಷದ ಬೇಸಿಗೆಯಲ್ಲಿ ನ್ಯೂಯಾರ್ಕ್ ಬಳಿಯ ನ್ಯೂ ರೊಷೆಲ್‌ನ ಗ್ಲೆನ್ ಐಲೆಂಡ್ ಕ್ಯಾಸಿನೊ ಎಂಬ ನೃತ್ಯಶಾಲೆ, ಅಲ್ಲಿಂದ ರೇಡಿಯೊ, ರೇಡಿಯೊದಿಂದ ಮನೆಮನೆ. ಜನ ಮೆಚ್ಚಿದ್ದನ್ನೇ ತಪ್ಪು ಅಂದರೆ ಹೇಗೆ?

ಸಮಯ ಆಯಿತು ಅಂತ ಚೀಟಿ ಬಂದಿದೆ. ಉಳಿದದ್ದು ಬೇಗ ಹೇಳುತ್ತೇನೆ. ಮಿಲ್ಲರ್ ತಂಡದ ‘ಚಟನೂಗಾ ಚೂ ಚೂ’ ಹಾಡಿನ ಹನ್ನೆರಡು ಲಕ್ಷ ಪ್ಲೇಟು ಮಾರಾಟವಾಗಿ, 1942ರ ಫೆಬ್ರವರಿಯಲ್ಲಿ ಅವರಿಗೆ ಚಿನ್ನದ ಬಣ್ಣದ ಪ್ಲೇಟು ಕೊಟ್ಟರು. ಗೋಲ್ಡ್ ರೆಕಾರ್ಡ್ ಅನ್ನುವುದು ಶುರುವಾದದ್ದೇ ಅಲ್ಲಿ. ಅದೇ ವರ್ಷ ಅವರು ಸೇನೆ ಸೇರಿದರು. ಅಲ್ಲಿನ ಅವರ ತಂಡದ ಕೈಯಲ್ಲಿ ‘ಸೇಂಟ್ ಲೂಯಿಸ್ ಬ್ಲೂಸ್’ ಎಂಬ ಹಳೆಯ ಹಾಡು ಸೈನಿಕರ ಹೆಜ್ಜೆಗೆ ಮಾರ್ಚ್ ಆಯಿತು. 1944ರ ಡಿಸೆಂಬರ್ 15ರಂದು ಇಂಗ್ಲೆಂಡಿನಿಂದ ಪ್ಯಾರಿಸ್‌ಗೆ ಹೊರಟ ಅವರ ಪುಟ್ಟ ವಿಮಾನ ತಲುಪಲೇ ಇಲ್ಲ. ಅವರಿಗೆ ಆಗ 40 ವರ್ಷ. ಆ ಸೇನಾ ತಂಡ ಅವರಿಲ್ಲದೆಯೇ ಪ್ಯಾರಿಸ್‌ನಲ್ಲಿ ನುಡಿಸಿತು.

ಈಗ ‘ಮೂನ್‌ಲೈಟ್ ಸೆರೆನೇಡ್’ ಹಾಕುತ್ತಾರೆ. ಕ್ಲಾರಿನೆಟ್ ತಾನಾಗಿ ಕೇಳಿಸುತ್ತದೆ. ನೀವು ಅದರ ಕೆಳಗಿನ ಟೆನರ್ ಹಿಡಿಯಿರಿ.