ಫಿಲಡೆಲ್ಫಿಯಾ ಬಂದರಿನ ಬೆನ್ ಫ್ಲೆಚರ್

ಕೇಳುಗರಿಗೆ ನಮಸ್ಕಾರ.

ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದ ಫಿಲಡೆಲ್ಫಿಯಾ ಬಂದರಿನಲ್ಲಿ ಹಮಾಲರಿಗೆ ಕೆಲಸ ಸಿಗುತ್ತಿದ್ದದ್ದು ಹೀಗೆ. ಹಡಗು ಬರುತ್ತದೆಂದು ತಿಳಿದರೆ ಸಾಕು, ಕಟ್ಟೆಯ ಮುಂದೆ ಜನ ಮುತ್ತಿಕೊಳ್ಳುತ್ತಿದ್ದರು. ಮೇಸ್ತ್ರಿ ಬಂದು ತನಗೆ ಬೇಕಾದವರನ್ನು ಕೈತೋರಿಸಿ ಕರೆಯುತ್ತಿದ್ದ. ಉಳಿದವರು ಬರಿಗೈಲಿ ವಾಪಸು. ಕರೆದವರಲ್ಲೂ ಕಪ್ಪು ಜನರ ತಂಡ ಬೇರೆ, ಬಿಳಿಯರ ತಂಡ ಬೇರೆ. ಒಂದು ತಂಡ ಕೂಲಿ ಹೆಚ್ಚು ಕೇಳಿದರೆ, ಇನ್ನೊಂದನ್ನು ತೋರಿಸಿ ಬಾಯಿ ಮುಚ್ಚಿಸುವುದು ಸುಲಭವಾಗಿತ್ತು.

ಈ ಏರ್ಪಾಟಿಗೆ ಕೈ ಹಾಕಿದವರಲ್ಲಿ ಮುಖ್ಯರು ಬೆನ್ ಫ್ಲೆಚರ್. 1890ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಕಪ್ಪು ಕಾರ್ಮಿಕ. ಅವರು ಸೇರಿದ್ದು ಇಂಡಸ್ಟ್ರಿಯಲ್ ವರ್ಕರ್ಸ್ ಆಫ್ ದಿ ವರ್ಲ್ಡ್ ಎಂಬ ಸಂಘಕ್ಕೆ. 1905ರಲ್ಲಿ ಶಿಕಾಗೋದಲ್ಲಿ ನಡೆದ ಅದರ ಸ್ಥಾಪನಾ ಸಭೆಯಲ್ಲಿ ಅರಾಜಕತಾವಾದಿ ಲೂಸಿ ಪಾರ್ಸನ್ಸ್ ಮಾತಾಡಿದ್ದರು. ಬದಲಾವಣೆ ಮತಪೆಟ್ಟಿಗೆಯಿಂದ ಬರುವುದಿಲ್ಲ, ದುಡಿಯುವ ಜಾಗದಲ್ಲೇ ಕೈ ನಿಲ್ಲಿಸಿದರೆ ಬರುತ್ತದೆ ಎನ್ನುವುದು ಅಲ್ಲಿನ ಅನೇಕರ ನಂಬಿಕೆ. ಫ್ಲೆಚರ್ ಅವರ ಹೆಚ್ಚುಗಾರಿಕೆ ಸಿದ್ಧಾಂತದಲ್ಲಿ ಇರಲಿಲ್ಲ, ಅದನ್ನು ನಡೆಸುವ ವ್ಯವಸ್ಥೆ ಕಟ್ಟುವುದರಲ್ಲಿತ್ತು.

1913ರ ಮೇ ತಿಂಗಳಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹಮಾಲರು ಕೆಲಸ ನಿಲ್ಲಿಸಿದರು. ಕಪ್ಪು ಜನ, ಐರಿಷರು, ಪೋಲೆಂಡ್ ಮತ್ತು ಲಿಥುವೇನಿಯಾದಿಂದ ಬಂದವರು, ಎಲ್ಲರೂ ಇದ್ದರು. ಮಾಲೀಕರ ಜೊತೆ ಮಾತಾಡುವ ಸಮಿತಿಯಲ್ಲಿ ಪ್ರತಿ ಗುಂಪಿಗೂ ಜಾಗ ಕೊಟ್ಟರು. ಒಬ್ಬರನ್ನು ಮಾತ್ರ ಕರೆದು ಗುಟ್ಟಾಗಿ ರಾಜಿ ಮಾಡಿಕೊಳ್ಳುವ ದಾರಿಯೇ ಮುಚ್ಚಿತು. ಎರಡು ವಾರದಲ್ಲಿ ಗೆದ್ದರು. ಬಂದರಿನ ಹಮಾಲರ ಈ ಶಾಖೆಗೆ ಲೋಕಲ್ 8 ಎಂದು ಹೆಸರಾಯಿತು.

ಗೆದ್ದದ್ದನ್ನು ಉಳಿಸಿಕೊಂಡ ಬಗೆ ಇನ್ನೂ ಸ್ವಾರಸ್ಯ. ಲಿಖಿತ ಒಪ್ಪಂದಕ್ಕೆ ಅವರು ಸಹಿ ಹಾಕುತ್ತಿರಲಿಲ್ಲ. ಸಹಿ ಹಾಕಿದರೆ ಅವಧಿ ಮುಗಿಯುವವರೆಗೆ ಮುಷ್ಕರಕ್ಕೆ ತಡೆ. ಅದರ ಬದಲು ಬಿಲ್ಲೆ. ತಿಂಗಳ ಚಂದಾ ಕಟ್ಟಿದವನಿಗೆ ಆ ತಿಂಗಳ ಬಿಲ್ಲೆ. ಅದಿಲ್ಲದವನು ಹಡಗಿನ ಮೇಲೆ ಬಂದರೆ ಉಳಿದವರು ಸರಕು ಮುಟ್ಟುತ್ತಿರಲಿಲ್ಲ. ಕಟ್ಟೆಯ ಮೇಲೆ ಕಪ್ಪು–ಬಿಳಿ ತಂಡಗಳನ್ನು ಬೆರೆಸಿದರು, ಸಭೆಗಳನ್ನೂ ಒಟ್ಟಿಗೇ ನಡೆಸಿದರು. ಪ್ರತಿ ಮೇ ತಿಂಗಳಲ್ಲಿ ವಾರ್ಷಿಕೋತ್ಸವವೆಂದು ಒಂದು ದಿನ ಬಂದರನ್ನೇ ನಿಲ್ಲಿಸುತ್ತಿದ್ದರು. ಹಬ್ಬದ ನೆಪದಲ್ಲಿ ಬಲ ತೋರಿಸುವುದೂ ಆಗುತ್ತಿತ್ತು.

ಫ್ಲೆಚರ್ ಬೇರೆ ಬಂದರುಗಳಿಗೂ ಸಂಘಟನೆಗೆ ಹೋದರು. ವರ್ಜೀನಿಯಾದ ನಾರ್ಫೋಕ್‌ನಲ್ಲಿ ಕೊಲೆ ಬೆದರಿಕೆ ಬಂದು ಹಡಗು ಹತ್ತಿ ತಪ್ಪಿಸಿಕೊಳ್ಳಬೇಕಾಯಿತು.

ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿದ ಮೇಲೆ ಸರ್ಕಾರ ಈ ಸಂಘದ ಮೇಲೆ ಬಿತ್ತು. ಲೋಕಲ್ 8ರ ಹಮಾಲರು ಯುದ್ಧದ ಸರಕನ್ನು ನಿಯತ್ತಾಗಿ ಹೇರುತ್ತಲೇ ಇದ್ದರು ಎನ್ನುವುದು ಲೆಕ್ಕಕ್ಕೆ ಬರಲಿಲ್ಲ. 1918ರ ಶಿಕಾಗೋ ವಿಚಾರಣೆಯಲ್ಲಿ ಸುಮಾರು ನೂರು ಆರೋಪಿಗಳಲ್ಲಿ ಕಪ್ಪು ವ್ಯಕ್ತಿ ಫ್ಲೆಚರ್ ಒಬ್ಬರೇ. 10 ವರ್ಷ ಜೈಲು, 30,000 ಡಾಲರ್ ದಂಡ, ಲೆವೆನ್‌ವರ್ತ್ ಸೆರೆಮನೆ.

ಆಮೇಲಿನ ವರ್ಷಗಳಲ್ಲಿ ಲೋಕಲ್ 8 ಸಡಿಲವಾಯಿತು. 1920ರಲ್ಲಿ 8 ಗಂಟೆಯ ದಿನ, ಗಂಟೆಗೆ 1 ಡಾಲರ್ ಕೂಲಿ ಕೇಳಿ ಮಾಡಿದ ದೊಡ್ಡ ಮುಷ್ಕರ ಸೋತಿತು. ಕೆಲಸ ಕಡಿಮೆ, ಕೈಗಳು ಹೆಚ್ಚು. ಇದ್ದವರ ಪಾಲು ಉಳಿಸಲು ಲೋಕಲ್ 8 ಪ್ರವೇಶ ಶುಲ್ಕವನ್ನು 25 ಡಾಲರಿಗೆ ಏರಿಸಿತು. ಕೇಂದ್ರ ಸಂಘದ ನಿಯಮ ಒಪ್ಪುತ್ತಿದ್ದದ್ದು 2 ಡಾಲರ್. ಬಡವನಿಗೆ ಬಾಗಿಲು ಹಾಕುವುದು ಸಂಘದ ತತ್ವಕ್ಕೇ ವಿರೋಧ ಎಂದು ಕೇಂದ್ರದವರು ಶಾಖೆಯನ್ನು ಅಮಾನತು ಮಾಡಿದರು. ತತ್ವದ ಲೆಕ್ಕದಲ್ಲಿ ಕೇಂದ್ರ ಸರಿ. ಆದರೆ ಬಾಗಿಲು ಪೂರಾ ತೆರೆದರೆ ಬಿಲ್ಲೆಗೆ ಬೆಲೆಯೇ ಇರದೆ ಮತ್ತೆ ಮೇಸ್ತ್ರಿಯ ಕಾಲ ಬರುತ್ತಿತ್ತು. ಶಾಖೆಯ ಭಯವೂ ಸುಳ್ಳಲ್ಲ. 1921ರಲ್ಲಿ ರಾಜಿಯಾಗುವಷ್ಟರಲ್ಲಿ ಬಲ ಕುಗ್ಗಿತ್ತು. 1922ರಲ್ಲಿ ಮಾಲೀಕರು ಬೀಗಮುದ್ರೆ ಹಾಕಿ, ಬಣ್ಣದ ಬಿರುಕನ್ನು ಮತ್ತೆ ಕೆದಕಿ, ಬಂದರನ್ನು ಕಿತ್ತುಕೊಂಡರು.

ಅದೇ ವರ್ಷದ ಕೊನೆಯ ಹೊತ್ತಿಗೆ ಶಿಕ್ಷೆ ಕಡಿತವಾಗಿ ಫ್ಲೆಚರ್ ಹೊರಬಂದರು. ಪೂರ್ಣ ಕ್ಷಮಾದಾನ ಸಿಕ್ಕಿದ್ದು 1933ರಲ್ಲಿ, ರೂಸ್‌ವೆಲ್ಟ್ ಅಧ್ಯಕ್ಷರಾದ ಮೇಲೆ. ಆರೋಗ್ಯ ಕೆಟ್ಟು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಉಳಿದ ಅವರು 1949ರಲ್ಲಿ ತೀರಿಕೊಂಡರು.